ಶಶಿಕಲಾ ಮೇಡಂ ಅವರ ಮೌನ ಬೋಧನೆ

ನನ್ನ ಗಂಟಲು ಹೋಗಿದ್ದು ಶಾಲೆಯಲ್ಲಲ್ಲ, ಮನೆಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಮನೆಯವರು ಮಾನ್ವಿ ತುಂಬ "ಸಾಲಿ ಹುಡುಗರು ಈಕಿ ಗಂಟಲಾ ತಿಂದುಬಿಟ್ರು" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಹುಡುಗರು ಅರ್ಧ ತಿಂದಿದ್ದರು, ಒಪ್ಪುತ್ತೇನೆ. ಉಳಿದರ್ಧ ಗಾದಿಯ ಮೇಲೆ ಬಿದ್ದಿದ್ದ ಒಂದು ಹಸಿ ಟಾವೆಲ್ಲಿಗೆ ಹೋಯಿತು.

"ಎಷ್ಟ್ ಸಲ ಹೇಳಬೇಕ್ರೀ ನಿಮಗ, ಹಸಿ ಟಾವೆಲ್ ಗಾದಿ ಮ್ಯಾಲ ಒಗಿಬ್ಯಾಡ್ರಿ ಅಂತ? ನಿಮಗಿಂತ ನಮ್ಮ ಆರನೇ ಕ್ಲಾಸಿನ ಹುಡುಗರು..."

ಅಲ್ಲಿಗೆ ಧ್ವನಿ ನಿಂತಿತು. ಬಾಯಿ ಆಡುತ್ತಿದೆ, ಸದ್ದಿಲ್ಲ. ನಮ್ಮ ಮನೆಯವರು, ಅಂದರೆ ಗೌತಮ (ಹೆಸರಿಗೆ ತಕ್ಕ ಶಾಂತಮೂರ್ತಿ, ಆ ಶಾಂತಿಯೇ ನನ್ನ ಅರ್ಧ ಸಿಟ್ಟಿಗೆ ಕಾರಣ), ಸ್ವಲ್ಪ ಹೊತ್ತು ಕಾದರು.

"ಮುಂದ? ಆರನೇ ಕ್ಲಾಸಿನ ಹುಡುಗರು ಏನಂತ?"

ನಾನು ಗಂಟಲು ತೋರಿಸಿದೆ. ಅವರ ಮುಖದಲ್ಲಿ ಮೊದಲು ಗಾಬರಿ ಕಂಡಿತು. ಅದರ ಹಿಂದೆಯೇ ಇನ್ನೇನೋ ಒಂದು ಮೂಡಿತು, ಅದನ್ನು ಅವರು ಕೈವಸ್ತ್ರದಿಂದ ಮುಚ್ಚಿಕೊಂಡರು.

ಡಾಕ್ಟರು ನಾಲಿಗೆಯ ಮೇಲೆ ಚಮಚ ಒತ್ತಿ, ಟಾರ್ಚು ಬಿಟ್ಟು ನೋಡಿದರು. ನಾನು ಮಾತಾಡುವಂತಿಲ್ಲವಲ್ಲ, ಪ್ರಶ್ನೆಗಳೆಲ್ಲ ಗಂಡನಿಗೆ.

"ಏನ್ ಕೆಲಸ ಮಾಡ್ತಾರ್ರಿ ಇವರು?"

"ಟೀಚರ್ ಅದಾರ್ರಿ."

"ಮನ್ಯಾಗ?"

"ಮನ್ಯಾಗೂ ಟೀಚರ್ರ ಅದಾರ್ರಿ."

ಡಾಕ್ಟರು ತಲೆಯಾಡಿಸಿ ಬರೆದರು. ಈ ವಾರ ಪೂರ್ತಿ ಒಂದು ಮಾತೂ ಆಡಬಾರದು, ಪಿಸುಮಾತೂ ಬೇಡ. ಆಡಿದರೆ ಗಂಟಲೊಳಗಿನ ಬಾವು ಗಂಟಾಗುತ್ತದೆ, ರಾಯಚೂರಿಗೆ ಹೋಗಿ ಕೊಯ್ಯಿಸಬೇಕಾಗುತ್ತದೆ. "ಆಮ್ಯಾಲ ಧ್ವನಿ ಹೆಂಗ ಬರ್ತದ ಅಂತ ನಾ ಹೇಳಾಕಾಗಂಗಿಲ್ಲ" ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಟೀಚರಿಗೆ ಕೈಯಿಲ್ಲದಿದ್ದರೆ ನಡೆದೀತು, ಕಾಲಿಲ್ಲದಿದ್ದರೂ ನಡೆದೀತು. ಧ್ವನಿ ಹೋದಮೇಲೆ ನಾನು ಮಾಡುವುದೇನು? ಗುಳಿಗೆ ಕೊಟ್ಟು, "ಇದರಿಂದ ನಿದ್ದಿ ಬರ್ತದ, ಬರ್ಲಿ ಬಿಡ್ರಿ" ಎಂದೂ ಹೇಳಿದರು. ಮನೆಗೆ ಬರುವಾಗ ನಮ್ಮವರು ಗಾಡಿ ಓಡಿಸುತ್ತ ಸಣ್ಣಗೆ ಹಾಡು ಗುನುಗುತ್ತಿದ್ದರು.

ನಮ್ಮ ಅತ್ತೆ ಮಾನಮ್ಮ ಸುದ್ದಿ ಕೇಳಿ "ಅಯ್ಯ, ಪಾಪ" ಎಂದರು. ಎಂದವರೇ ರಿಮೋಟು ತೆಗೆದುಕೊಂಡು ಟಿ.ವಿ. ಸೌಂಡು ಅರ್ಧಕ್ಕೆ ಇಳಿಸಿದರು. "ಈಗ ಇಷ್ಟ ಸಾಕು ನೋಡಪ, ಎಲ್ಲಾ ಸಾಫ್ ಕೇಳಸ್ತದ."

ನಮ್ಮವರು ತಡಮಾಡಲಿಲ್ಲ. ಊಟಕ್ಕೆ ಕೂತಾಗಲೇ ಸಭೆ ಕರೆದರು.

"ಶಶಿ, ಈ ಐತವಾರ ನಾನು ದೋಸ್ತರ ಜೋಡಿ ತುಂಗಭದ್ರಾ ದಂಡಿಗೆ ಹೋಗಿ ಮೀನಿನ ಊಟ ಮಾಡಿ ಬರ್ತೀನಿ. ನಿಂದೇನರ ತಕರಾರು ಅದ ಏನು?"

ನಾನು ಕಣ್ಣು ಬಿಟ್ಟೆ.

"ಏನೂ ಅನ್ನಲಿಲ್ಲ. ಯವ್ವಾ, ನೀನ ಸಾಕ್ಷಿ."

ನಾನು ಲಟ್ಟಣಿಗೆ ಎತ್ತಿದೆ. "ಅದು ಮಾತಲ್ಲ" ಎಂದು ಅವರು ರೊಟ್ಟಿ ಮುರಿದರು.

ಮರುದಿನ ಬೆಳಿಗ್ಗೆ ರಜೆ ಕೇಳಲು ನಮ್ಮ ಹೆಡ್ಮಾಸ್ಟರ್ ವಿರೂಪಣ್ಣನವರಿಗೆ ನಮ್ಮವರಿಂದಲೇ ಫೋನು ಮಾಡಿಸಿದೆ. (ನಮ್ಮ ಶಾಲೆ ಮಾನ್ವಿಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿದೆ. ಹಳ್ಳಿಯ ಹೆಸರು ಹೇಳುವುದಿಲ್ಲ, ನನ್ನ ನೌಕರಿ ಇನ್ನೂ ಬಾಕಿ ಇದೆ.)

"ರಜಾನ? ಇವತ್ತ?" ಸರ್ ಧ್ವನಿ ಫೋನಿನಿಂದ ಹೊರಗೆ ಬಂದು ಅಡುಗೆಮನೆಯವರೆಗೂ ಓಡಾಡಿತು. "ಜಿಲ್ಲಾದಿಂದ ಸಾಹೇಬ್ರು ಬರಾಕತ್ತಾರ್ರೀ. ಆರನೇ ಕ್ಲಾಸ್ ಬಿಕೋ ಅಂದ್ರ ನನ್ನ ಮರ್ಯಾದಿ ಏನಾಗಬೇಕು? ಮಾತಾಡಬ್ಯಾಡ್ರಿ ಅನ್ರಿ. ಸುಮ್ನ ಬಂದು ಕುಂದ್ರಾಕ ಹೇಳ್ರಿ. ನನಗ ಅವರ ಬಾಯಿ ಬ್ಯಾಡ, ಮಖ ಸಾಕು."

ನಮ್ಮವರು ಫೋನಿಟ್ಟು ನನ್ನ ಕಡೆ ನೋಡಿದರು. "ಮದಿವಿ ಆದಾಗಿಂದ ನಂದೂ ಇದ ಅರ್ಜಿ ಇತ್ತು. ಅವರಿಗೆ ಒಂದ ಫೋನಿನಾಗ ಮಂಜೂರಾತು."

ಹೋದೆ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ, ಇಂದು ನನಗೆ ಮಾತನಾಡಲು ಆಗುವುದಿಲ್ಲ, ಯಾರೂ ಗದ್ದಲ ಮಾಡಬಾರದು ಎಂದು ಬರೆದೆ. ಇಡೀ ತರಗತಿ ಅದನ್ನು ಒಕ್ಕೊರಲಿನಿಂದ ಓದಿತು. "ಗದ್ದಲ ಮಾಡಬಾರದು" ಎಂಬಲ್ಲಿ ಪಕ್ಕದ ಕೋಣೆಯಿಂದ ಏಳನೆಯ ತರಗತಿಯವರು ಇಣುಕಿ ನೋಡಿದರು.

ಮೊದಲ ತಕರಾರು ಬಂತು. "ಮೇಡಂ, ಮುನ್ನಾ ನನ್ನ ಪೆನ್ ಕಸ್ಕೊಂಡಾನ್ರಿ" ಎಂದು ಕೊಟ್ರೇಶ. ಇವನ ಧ್ವನಿಗೆ ಬೀದಿಯ ನಾಯಿಗಳು ಎದ್ದು ಕೂರುತ್ತವೆ. ಬೇರೆ ದಿನವಾದರೆ ನಾನು ಮುನ್ನಾನನ್ನು ಕರೆದು, ಅವನ ವಾದ ಕೇಳಿ, ಇವನ ವಾದ ಕೇಳಿ, ಪೆನ್ನಿನ ಮೂಲ ಮಾಲೀಕ ಮೂರನೆಯವನೆಂದು ತಿಳಿದು, ಇಬ್ಬರಿಗೂ ಬೈದು, ನೀರು ಕುಡಿಯುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಇವತ್ತು ಸುಮ್ಮನೆ ನೋಡಿದೆ. ಕೊಟ್ರೇಶನೂ ನನ್ನನ್ನೇ ನೋಡಿದ. ಕಡೆಗೆ ಬೇಜಾರಾಗಿ ಹೋಗಿ ತನ್ನ ಪೆನ್ನು ತಾನೇ ತೆಗೆದುಕೊಂಡ.

ಇಷ್ಟೇ ಆಗಿತ್ತೇ? ಇಷ್ಟು ವರ್ಷ ನಾನು ಅಷ್ಟೆಲ್ಲ ಯಾಕೆ ಕೂಗಿದೆ?

ಹಾಲು ಕುಡಿಸಿದ್ದಾಯಿತು, ಹಾಲು ಕುಡಿಯುವ ಫೋಟೋ ಹೊಡೆದದ್ದಾಯಿತು, ಮೊಟ್ಟೆಯವರ ಕೈ, ಬಾಳೆಹಣ್ಣಿನವರ ಕೈ ಎಣಿಸಿದ್ದಾಯಿತು, ಅದನ್ನು ಮೊಬೈಲಿಗೆ ಏರಿಸಲು ನೆಟ್‌ವರ್ಕ್ ಸಿಗುವ ನೀರಿನ ಟ್ಯಾಂಕಿನ ಬಳಿಗೆ ಹೋಗಿ ನಿಂತದ್ದೂ ಆಯಿತು. ಇವೆಲ್ಲದರ ನಡುವೆ ಸಿಕ್ಕ ಸಮಯದಲ್ಲಿ ಪಾಠ. ಬೋರ್ಡಿನ ಮೇಲೆ ಒಂದು ಭಿನ್ನರಾಶಿ ಲೆಕ್ಕ ಬರೆದು ಸ್ವಪ್ನಾಳ ಕೈಗೆ ಚಾಕು ಕೊಟ್ಟೆ. (ಚಾಕ್‌ಪೀಸು. ಗಾಬರಿಯಾಗಬೇಡಿ.) ಅವಳು ತಪ್ಪು ಮಾಡಿದಳು. ಬಾಯಿ ತೆರೆದೆ, ಸದ್ದು ಬರಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಬಂದು ಅಳಿಸಿ ಸರಿ ಮಾಡಿದಳು, ಇನ್ನೊಬ್ಬ ಅದು ಯಾಕೆ ಸರಿ ಎಂದು ಮುನ್ನಾನಿಗೆ ತಿಳಿಸಿದ. ಎಷ್ಟೋ ದಿನದಿಂದ ನಾನು ಗಂಟಲು ಹರಿದುಕೊಂಡು ಹೇಳಿದರೂ ತಲೆಗೆ ಹೋಗದ ಭಿನ್ನರಾಶಿ ಮಧ್ಯಾಹ್ನದ ಊಟದೊಳಗೆ ಎಲ್ಲರಿಗೂ ಬಂತು. ಖುಷಿಪಡಬೇಕಿತ್ತು. ನನಗೆ ಸ್ವಲ್ಪ ಅವಮಾನವೇ ಆಯಿತು.

ಊಟವಾದ ಮೇಲೆ ಗುಳಿಗೆ ನುಂಗಿದೆ. ರಾಯಚೂರು ಜಿಲ್ಲೆಯ ಮಧ್ಯಾಹ್ನ, ತಗಡಿನ ಕಿಟಕಿ, ಹೊಟ್ಟೆಯಲ್ಲಿ ಬಿಸಿ ಸಾಂಬಾರು. ಬರೆಯಲು ಲೆಕ್ಕ ಕೊಟ್ಟು ಕುರ್ಚಿಯಲ್ಲಿ ಕೂತೆ. ನಾನು ಮಲಗಲಿಲ್ಲ, ಕಣ್ಣು ಮುಚ್ಚಿದೆ ಅಷ್ಟೆ. (ನಮ್ಮ ಮನೆಯವರು ಟಿ.ವಿ. ಮುಂದೆ ಹೇಳುವುದೂ ಇದನ್ನೇ. ಅವರನ್ನು ನಾನು ಯಾವತ್ತೂ ನಂಬಿಲ್ಲ.)

ಕೆಮ್ಮಿನ ಸದ್ದಿಗೆ ಕಣ್ಣು ಬಿಟ್ಟೆ. ಬಾಗಿಲಲ್ಲಿ ವಿರೂಪಣ್ಣ ಸರ್, ಅವರ ಪಕ್ಕದಲ್ಲಿ ಜಿಲ್ಲೆಯಿಂದ ತಪಾಸಣೆಗೆ ಬಂದ, ಇಸ್ತ್ರಿ ಅಂಗಿಯ ಉದಯಕುಮಾರ ಸಾಹೇಬರು. ಅವರಿಬ್ಬರಿಗೂ ಅಡ್ಡವಾಗಿ ಕೊಟ್ರೇಶ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದ.

"ಸರ್, ಸದ್ದು ಮಾಡಬ್ಯಾಡ್ರಿ" ಎಂದು ಪಿಸುಗುಟ್ಟಿದ. ಅವನಿಗೆ ಪಿಸುಗುಟ್ಟಲು ಬರುತ್ತದೆಂಬುದು ನನಗೆ ಅವತ್ತೇ ತಿಳಿದದ್ದು.

ತರಗತಿ ತಲೆ ತಗ್ಗಿಸಿ ಬರೆಯುತ್ತಿತ್ತು. ನನ್ನ ಮುಖಕ್ಕೆ ಬಿಸಿಲು ಬೀಳದಂತೆ ಯಾರೋ ಕಿಟಕಿ ಅರ್ಧ ಮುಚ್ಚಿದ್ದರು. ಮೇಡಂ ಮಲಗಲಿ ಎಂದು ಇಷ್ಟು ಹುಡುಗರು ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಸಾಹೇಬರ ಮುಖ ನೋಡಿದೆ, ಕಣ್ಣೀರು ಬಂದ ದಾರಿಯಲ್ಲೇ ವಾಪಸು ಹೋಯಿತು. ತರಗತಿಯಲ್ಲಿ ನಿದ್ದೆ ಮಾಡಿದ ಶಿಕ್ಷಕಿಗೆ ನೋಟೀಸು ಬರೆಯಲು ಎರಡು ಸಾಲು ಸಾಕು.

"ಏನ್ರಿ ಇದು?" ಸಾಹೇಬರು ಕೇಳಿದರು.

ವಿರೂಪಣ್ಣ ಸರ್ ತಲೆ ಒಮ್ಮೊಮ್ಮೆ ಬಹಳ ಚುರುಕಾಗಿ ಓಡುತ್ತದೆ, ಅದು ಯಾವಾಗಲೂ ನನ್ನ ಮೇಲೇ ಬಂದು ನಿಲ್ಲುತ್ತದೆ. "ಇದು ಮೌನ ಬೋಧನೆ ಸರ್" ಎಂದರು. "ಮೇಡಂ ಅವರದ ಹೊಸ ಪ್ರಯೋಗ. ಮುಂಜಾನಿಂದ ಒಂದ ಮಾತೂ ಆಡಿಲ್ಲ. ಬೇಕಾದ್ರ ಮಕ್ಕಳನ್ನ ಕೇಳ್ರಿ."

"ಮತ್ತ ಕಣ್ಣ್ಯಾಕ ಮುಚ್ಚಿದ್ರು?"

"ಮಕ್ಕಳ ಮ್ಯಾಲ ವಿಶ್ವಾಸ ಸರ್."

ಸಾಹೇಬರು ನನ್ನ ಕಡೆ ತಿರುಗಿದರು. ಧ್ವನಿ ಇದ್ದಿದ್ದರೆ ನಿಜ ಹೇಳುತ್ತಿದ್ದೆನೇ? ಇಲ್ಲ. ಆದರೂ ಹೇಳಲಿಕ್ಕೆ ಅವಕಾಶವಾದರೂ ಇರುತ್ತಿತ್ತು. ನಾನು ಗಂಭೀರವಾಗಿ, ಋಷಿಪತ್ನಿಯ ಹಾಗೆ, ತಲೆಯಾಡಿಸಿದೆ. ಸಾಹೇಬರು ಮಕ್ಕಳಿಗೆ ಭಿನ್ನರಾಶಿ ಕೇಳಿದರು, ಮಕ್ಕಳು ಪಟಪಟ ಹೇಳಿದರು. "ನನ್ನ ಸರ್ವೀಸಿನಾಗ ಇಂಥ ಕ್ಲಾಸ್ ನೋಡಿಲ್ಲರಿ" ಎಂದು ಸಾಹೇಬರು ನನಗೆ ಕೈ ಮುಗಿದು ಹೋದರು.

ಸಂಜೆ ಎಲ್ಲವನ್ನೂ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟೆ. ನಮ್ಮವರು ಅದನ್ನು ಅತ್ತೆಗೆ ನಟನೆ ಸಮೇತ ಓದಿ ಹೇಳುತ್ತಿದ್ದಾಗ ನನ್ನ ಮೊಬೈಲು ಸದ್ದು ಮಾಡಿತು. ಅದನ್ನೂ ಅವರೇ ಓದಿದರು. ನಾಡಿದ್ದು ದೇವದುರ್ಗದಲ್ಲಿ ಶಿಕ್ಷಕರ ತರಬೇತಿ. ವಿಷಯ, ಮೌನ ಬೋಧನೆ. ಸಂಪನ್ಮೂಲ ವ್ಯಕ್ತಿ, ಶ್ರೀಮತಿ ಶಶಿಕಲಾ. ಸಮಯ, ಬೆಳಿಗ್ಗೆ ಹತ್ತರಿಂದ ಸಂಜೆ ಐದು.

"ಸಂಪನ್ಮೂಲ ವ್ಯಕ್ತಿ ಅಂದ್ರ ಏನಪ?" ಅತ್ತೆ ಕೇಳಿದರು.

"ದಿನಾ ಪೂರ್ತಿ ಮಾತಾಡೋರು, ಯವ್ವಾ."

"ಹಂಗಾರ ಈಕೀನ ಸರಿ ಬಿಡು."

ನಾನು ಅಳುವುದಕ್ಕೂ ಸದ್ದಿಲ್ಲದೆ ಕೂತೆ. ನಮ್ಮವರ ನಗು ನಿಂತಿತು. ಅವರೇ ಸರ್‌ಗೆ ಫೋನು ಹಚ್ಚಿ, ಇದ್ದದ್ದು ಇದ್ದಂಗ ಸಾಹೇಬರಿಗೆ ಹೇಳಿಬಿಡ್ರಿ ಎಂದರು.

"ಹೇಳ್ತೀನ್ರಿ" ಎಂದರು ವಿರೂಪಣ್ಣ ಸರ್. "ನಿದ್ದಿ ಮಾಡಿದ್ದಕ್ಕ ಮೇಡಂಗ ನೋಟೀಸ್, ಸುಳ್ಳು ಹೇಳಿದ್ದಕ್ಕ ನನಗ ನೋಟೀಸ್. ಅದಕ್ಕಿಂತ ಒಂದ ದಿನ ಹೋಗಿ ಬಂದ್ರ ಮುಗೀತಲ್ರಿ."

ಫೋನಿಟ್ಟ ಮೇಲೆ ನಮ್ಮವರು ಬಹಳ ಹೊತ್ತು ತಲೆ ಕೆರೆದುಕೊಂಡರು. "ಹೋಗಬ್ಯಾಡ ಶಶಿ. ನೋಟೀಸ್ ಬಂದ್ರ ಬರ್ಲಿ. ಗಂಟಲಾ ಹೋದ್ರ ಎಲ್ಲಿಂದ ತರೂದು?" ಎಂದರು. ಆಮೇಲೆ ತಾಟಿನ ಕಡೆ ನೋಡುತ್ತ, "ಬೈಸ್ಕೊಳ್ಳದ ಉಂಡ್ರ ರೊಟ್ಟಿ ಗಂಟಲಾಗ ಇಳಿವಲ್ದು" ಎಂದರು. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಆದರೆ ನೋಟೀಸಿನ ಹೆದರಿಕೆ ಅದಕ್ಕಿಂತ ಹೆಚ್ಚು ಉಕ್ಕಿತ್ತು. ಹೋದೆ.

ದೇವದುರ್ಗದ ಕಲ್ಯಾಣ ಮಂಟಪದಲ್ಲಿ ಸುತ್ತಲಿನ ಮೂರು ತಾಲ್ಲೂಕಿನ ಮಾಸ್ತರರು, ಮೇಡಂಗಳು ತುಂಬಿದ್ದರು. ಎಲ್ಲರ ಮುಖದಲ್ಲೂ, ಬೇರೆ ಕೆಲಸವಿರಲಿಲ್ಲವೇ ಈಕೆಗೆ ಎಂಬ ಒಂದೇ ಭಾವ. ಆ ಹೊತ್ತಿಗೆ ಗಂಟಲಲ್ಲಿ ಒಂದಿಷ್ಟು ಧ್ವನಿ ಒಸರತೊಡಗಿತ್ತು, ಮೈಕಿನಲ್ಲಿ ಮೆಲ್ಲಗೆ ಹೇಳಿ ಮುಗಿಸೋಣ ಎಂದುಕೊಂಡಿದ್ದೆ. ಮೈಕು ಕುಂಯ್ ಎಂದು ಪ್ರಾಣ ಬಿಟ್ಟಿತು. ಉಪದೇಶ ಕೇಳಲು ಬಂದ ಟೀಚರುಗಳಷ್ಟು ಗದ್ದಲ ಮಾಡುವ ಮಕ್ಕಳನ್ನು ನಾನು ಯಾವ ಶಾಲೆಯಲ್ಲೂ ಕಂಡಿಲ್ಲ. ಹಿಂದೆ ಇಬ್ಬರು ಸೀರೆಯ ಸೆರಗು ತಿರುವಿ ನೋಡುತ್ತಿದ್ದರು, ನಡುವೆ ಒಬ್ಬರು ವರ್ಗಾವಣೆಯ ಸುದ್ದಿ ಹೇಳುತ್ತಿದ್ದರು. ಮೌನದ ಮಹತ್ವವನ್ನು ನಾನು ಊಟದ ಹೊತ್ತಿನವರೆಗೆ ಚೀರಿ ಚೀರಿ ಹೇಳಿದೆ.

ಊಟವಾಯಿತು, ಗುಳಿಗೆಯೂ ಆಯಿತು. ಮತ್ತೆ ಎದ್ದು ನಿಂತಾಗ ಮುಂದಿನ ಸಾಲಿನಿಂದ ಸಿರವಾರದ ದುರ್ಗಾದೇವಿ ಮೇಡಂ ಕೈ ಎತ್ತಿದರು.

"ಮೇಡಂ, ಮುಂಜಾನಿಂದ ಬರೇ ಹೇಳಾಕತ್ತೀರಿ. ಒಮ್ಮಿ ಮಾಡಿ ತೋರಿಸ್ರಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಜೀವ ಬಂದಂತಾಯಿತು, ಯಾಕೆಂದರೆ ಧ್ವನಿ ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಎಲ್ಲರಿಗೂ ಒಂದು ಲೆಕ್ಕ ಕೊಟ್ಟೆ, ಕುರ್ಚಿಯಲ್ಲಿ ಕೂತೆ, ಪದ್ಧತಿಯ ಪ್ರಕಾರ ಕಣ್ಣು ಮುಚ್ಚಿದೆ. ಒಂದು ನಿಮಿಷ ಎಂದುಕೊಂಡಿದ್ದೆ.

ಕಣ್ಣು ಬಿಟ್ಟಾಗ ಫ್ಯಾನುಗಳು ನಿಂತಿದ್ದವು. ಕುರ್ಚಿಗಳು ಖಾಲಿ. ಇಡೀ ಸಭೆ ಚಪ್ಪಲಿಯ ಸದ್ದೂ ಆಗದಂತೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿತ್ತು. ನನ್ನ ಆರನೇ ತರಗತಿಯ ಹುಡುಗರು ನನ್ನ ನಿದ್ದೆ ಕಾದರು, ಇವರು ನನ್ನ ನಿದ್ದೆಗಾಗಿ ಕಾದರು. ಮುಂದಿನ ಸಾಲಿನಲ್ಲಿ ಉದಯಕುಮಾರ ಸಾಹೇಬರು ಒಬ್ಬರೇ ಕೈ ಕಟ್ಟಿಕೊಂಡು ಕೂತಿದ್ದರು.

"ಮೇಡಂ" ಎಂದರು ಮೆಲ್ಲಗೆ. "ನೀವು ಭಾಳ ಹೊತ್ತು ಗೊರಕಿ ಹೊಡೆದ್ರಿ."

ನಾನು ಸೆರಗು ಸರಿಮಾಡಿಕೊಂಡೆ.

"ಒಂದ ಮಾತು ಕೇಳ್ತೀನಿ, ಖರೇ ಹೇಳ್ರಿ. ಅವತ್ತು ನಿಮ್ಮ ಸಾಲ್ಯಾಗ, ನಾ ಬಂದಾಗ, ಅದೂ ಇದನ ಏನ್ರಿ?"

ಹೇಳಬೇಕಾದ್ದು ಬೇಕಾದಷ್ಟಿತ್ತು. ಬಾವು, ಗುಳಿಗೆ, ವಿರೂಪಣ್ಣ ಸರ್, ನಮ್ಮ ಮನೆಯವರ ಟಾವೆಲ್ಲು. ಬಾಯಿ ತೆರೆದೆ, ಗಾಳಿ ಬಂತು, ಮುಚ್ಚಿದೆ. ಸಾಹೇಬರು ನನ್ನ ಮುಖವನ್ನೇ ನೋಡುತ್ತ ಕೂತರು, ನಾನು ಅವರ ಮುಖ ನೋಡುತ್ತ ಕೂತೆ. ಆಮೇಲೆ ಅವರು ಎರಡು ಸಾಲು ಬರೆಯಲು ಜೇಬಿನಿಂದ ಪೆನ್ನು ತೆಗೆದರು.

ಮೌನ ಬೋಧನೆಯಿಂದ ಪ್ರಯೋಜನವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾನು ಒಂದು ಮಾತೂ ಆಡಲಿಲ್ಲ, ಸಾಹೇಬರಿಗೆ ಎಲ್ಲವೂ ಅರ್ಥವಾಯಿತು.