ಶೇಕಡಾ ಅರವತ್ತೊಂದರಲ್ಲಿ ಮಲಗಿದ ಆಮೆ

ಅನುಮತಿ ನಿರ್ದೇಶನಾಲಯದ ಸಮಸ್ತ ಕಡತಗಳೂ ಒಂದು ಆಮೆಯ ನಡಿಗೆಯನ್ನು ಅನುಸರಿಸಿ ವಿಲೇವಾರಿಯಾಗತಕ್ಕದ್ದು. ಇದು ನಿಯಮ ಹದಿನಾಲ್ಕರ ಮೂರನೇ ಉಪನಿಯಮ. ಇದಕ್ಕೆ ಕಾರಣನಾದವನು ಎರಡನೇ ಮಹಡಿಯ ಪ್ರೋಗ್ರಾಮರ್. ಪಾಪ, ಬೇಕೆಂದು ಮಾಡಿದ್ದಲ್ಲ.

ಇಂಟರ್‌ನೆಟ್ಟಿನಲ್ಲಿ ಚಿತ್ರವಿಚಿತ್ರ ಪುಟಗಳನ್ನು ಹುಡುಕಿ ಕೂಡಿಡುವುದು ಅವನ ಹುಚ್ಚು. ಬರೀ ಲಿಫ್ಟ್ ಗುಂಡಿಗಳ ಫೋಟೋ ಇರುವ ಪುಟ, ಹಳೇ ಫ್ರಿಜ್ಜುಗಳ ಸದ್ದು ಕೇಳಿಸುವ ಪುಟ, ಇಂಥವು. ಪ್ರತಿ ಸೋಮವಾರ ಪಟ್ಟಿ ಮಾಡಿ ಎಲ್ಲರಿಗೂ ಮೇಲ್ ಕಳಿಸುತ್ತಿದ್ದ. ಒಬ್ಬರೂ ತೆರೆಯುತ್ತಿರಲಿಲ್ಲ, ಅವನು ಒಳಗೊಳಗೇ ನೊಂದುಕೊಳ್ಳುತ್ತಿದ್ದ. ಅವನಿಗೆ ಅಚ್ಚುಮೆಚ್ಚಿನದು, ದೂರದ ದೇಶದ ಅಜ್ಜಿಯೊಬ್ಬಳು ತನ್ನ ಆಮೆಯನ್ನು ತೋರಿಸಲು ಇಟ್ಟ ಕ್ಯಾಮೆರಾ. ಆಮೆ ಕೋಣೆಯ ಈ ಮೂಲೆಯಿಂದ ಆ ಮೂಲೆಯ ಸೊಪ್ಪಿನ ತಟ್ಟೆಗೆ ನಡೆಯುತ್ತದೆ, ಶೇಕಡಾ ಎಷ್ಟು ದೂರ ಬಂತೆಂದು ಕೆಳಗೆ ಅಂಕಿ ಮೂಡುತ್ತದೆ.

ಕಚೇರಿಯ ಹೊಸ ತಂತ್ರಾಂಶದಲ್ಲಿ ಪ್ರತಿ ಕಡತದ ಪ್ರಗತಿ ತೋರಿಸುವ ಹಸಿರು ಪಟ್ಟಿ ಇರಬೇಕಿತ್ತು. ಅಂಕಿ ಕೊಡಿ ಎಂದು ಗುಮಾಸ್ತರ ಬೆನ್ನು ಬಿದ್ದರೂ ಯಾರೂ ಕೊಡಲಿಲ್ಲ. ಪಟ್ಟಿ ಚಲಿಸುತ್ತದೋ ಇಲ್ಲವೋ ನೋಡೋಣವೆಂದು ಅವನು ತಾತ್ಕಾಲಿಕವಾಗಿ ಆಮೆಯ ಅಂಕಿಯನ್ನು ಜೋಡಿಸಿದ. ಆಮೇಲೆ ತೆಗೆಯಲು ಮರೆತ. ನೂರು ಮುಟ್ಟಿದ ಕಡತಕ್ಕೆ ಮಂಜೂರಾತಿ ಮುದ್ರೆ ತಾನಾಗಿಯೇ ಬೀಳುವ ವ್ಯವಸ್ಥೆ ಅದು.

ಹನ್ನೊಂದು ತಿಂಗಳು ಹಿಡಿಯುತ್ತಿದ್ದ ಅನುಮತಿ ಎರಡು ದಿನದಲ್ಲಿ ಸಿಗತೊಡಗಿತು. ಇಲ್ಲಿನ ಕೆಲಸ ಆಮೆಗತಿಯದೆಂದು ಪತ್ರಿಕೆಗಳು ಬರೆಯುತ್ತಿದ್ದದ್ದು ಹೊಗಳಿಕೆಯಾಗಿತ್ತೆಂದು ಅಂಕಿಅಂಶಗಳಿಂದ ಆಗಲೇ ತಿಳಿದದ್ದು. ನಿರ್ದೇಶಕರು ತನಿಖೆ ನಡೆಸಿ, ಆಮೆಯನ್ನು ಪತ್ತೆ ಹಚ್ಚಿ, ಕೂಡಲೇ ಖಾಯಂ ಮಾಡಿದರು.

ಅಷ್ಟರಲ್ಲಿ ಪ್ರೋಗ್ರಾಮರ್‌ಗೆ ಮದುವೆ ಗೊತ್ತಾಯಿತು. ಅವನ ರಜೆ ಅರ್ಜಿ ಶೇಕಡಾ ಅರವತ್ತೊಂದು ತಲುಪಿದಾಗ ಆಮೆ ಬೀರುವಿನ ಕೆಳಗೆ ಹೋಗಿ ಮಲಗಿತು. ಮದುವೆಗೆ ಹತ್ತೇ ದಿನ. ಗಾಬರಿಬಿದ್ದು ಅಜ್ಜಿಗೆ ಬರೆದ. ಚಳಿಗಾಲದ ನಿದ್ದೆ, ವಸಂತದಲ್ಲಿ ಏಳುತ್ತಾನೆ, ನಡುವೆ ಎಬ್ಬಿಸಿದರೆ ಸಿಟ್ಟಾಗುತ್ತಾನೆ ಎಂದು ಉತ್ತರ ಬಂತು. ಕಚೇರಿಯಲ್ಲಿ ಸುತ್ತೋಲೆ ಹೊರಟಿತು: "ಮಾನ್ಯ ಆಮೆಯವರು ವಿಶ್ರಾಂತಿಯಲ್ಲಿರುವುದರಿಂದ ಸಿಬ್ಬಂದಿಯು ಕೀಬೋರ್ಡನ್ನು ಜೋರಾಗಿ ಒತ್ತತಕ್ಕದ್ದಲ್ಲ."

ಪ್ರೋಗ್ರಾಮರ್ ನಿರ್ದೇಶಕರ ಕೋಣೆಗೆ ಹೋದ.

"ಸಾರ್, ಒಂದೇ ಒಂದು ಸಾಲು. ಅಳಿಸಿದ್ರೆ ಆಮೆಯ ಸಂಬಂಧ ಕಡಿದುಹೋಗುತ್ತೆ, ನನಗೆ ರಜೆ ಸಿಗುತ್ತೆ."

"ಅಳಿಸಪ್ಪಾ, ಯಾರು ಬೇಡ ಅಂದ್ರು? ಅದಕ್ಕೊಂದು ಕಡತ ಮಾಡು."

ಮಾಡಿದ. ಕಡತ ಹುಟ್ಟುತ್ತಲೇ ಅರವತ್ತೊಂದು ಮುಟ್ಟಿ ಅಲ್ಲೇ ನಿಂತಿತು.

"ನೋಡು," ಎಂದರು ನಿರ್ದೇಶಕರು, "ಈಗ ತಾನೇ ಕೊಟ್ಟೆ, ಆಗಲೇ ಅರ್ಧಕ್ಕಿಂತ ಜಾಸ್ತಿ ಆಗಿದೆ. ಇನ್ನೇನು ಬೇಕು ನಿನಗೆ?"

ಮದುವೆಯಾಗಬೇಕಿದ್ದ ಹುಡುಗಿ ಸರ್ವೆ ಕಚೇರಿಯಲ್ಲಿ ಗುಮಾಸ್ತೆ. ಸಂಬಂಧವೇ ಮುರಿದುಬೀಳುತ್ತದೆಂದು ಹೆದರುತ್ತಲೇ ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಪುಣ್ಯವಂತರು ನೀವು. ಕಾಯೋದಕ್ಕೆ ನಿಮ್ಮಲ್ಲಿ ಆಮೆಯಾದ್ರೂ ಇದೆ. ನನ್ನ ರಜೆ ಅರ್ಜಿ ಯಾರ ಟೇಬಲ್ ಮೇಲಿದೆ ಅಂತಾನೇ ಗೊತ್ತಿಲ್ಲ."

ಅವನಿಗೆ ಹೋದ ಜೀವ ಬಂದಂತಾಯಿತು. ಇಬ್ಬರೂ ಮದುವೆ ಛತ್ರಕ್ಕೆ ಹೋಗಿ, ಆಮೆ ಎದ್ದು ಸೊಪ್ಪು ತಿಂದ ಮರುದಿನಕ್ಕೆ ಛತ್ರ ಬೇಕೆಂದು ಕೇಳಿದರು. ಮ್ಯಾನೇಜರ್ ತಲೆ ಎತ್ತದೆ ಪುಸ್ತಕ ತಿರುವಿ ಹಾಕಿದ.

"ಅವತ್ತು ಆಗಲೇ ಮೂರು ಮದುವೆ ಇದೆ ಸಾರ್. ಅದರ ಮಾರನೇ ದಿನಕ್ಕೆ ಬರ್ಕೊಳ್ಳಲಾ?"

ಬರೆದುಕೊಳ್ಳಿ ಎಂದ ಪ್ರೋಗ್ರಾಮರ್. ಮ್ಯಾನೇಜರನ ಕಂಪ್ಯೂಟರಿನಲ್ಲಿ ಆಮೆ ಮಲಗಿದ್ದ ಆ ಬೀರು ಕಾಣುತ್ತಿತ್ತು, ಕೆಳಗೆ ಅರವತ್ತೊಂದು ಎಂಬ ಅಂಕಿ. ತಾನು ಹುಡುಕಿದ ಪುಟವನ್ನು ಕೊನೆಗೂ ಒಬ್ಬರು ತೆರೆದು ನೋಡುತ್ತಿದ್ದಾರಲ್ಲ ಎಂದು ಅವನಿಗೆ ತುಂಬಾ ಸಂತೋಷವಾಯಿತು.