ಮೂವತ್ತೊಂದು ಸಿ.ಡಿ.ಗಳಿಗೊಂದು ಸರ್ವರ್

ನನ್ನ ಬುದ್ಧಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಕಚೇರಿಯಲ್ಲಿದೆ. ವಿದ್ಯುತ್ ಮೀಟರುಗಳನ್ನು ಪರೀಕ್ಷೆ ಮಾಡುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ‘ನಮ್ಮ ಮೀಟರು ಸುಮ್ಮಸುಮ್ಮನೆ ಓಡುತ್ತೆ ಸ್ವಾಮಿ’ ಎಂದು ಅಳುತ್ತ ಬಂದವರ ಮೀಟರನ್ನು ಮೇಜಿನ ಮೇಲಿಟ್ಟು, ತಂತಿ ಸಿಕ್ಕಿಸಿ, ಮೀಟರು ಸರಿಯಾಗಿಯೇ ಓಡುತ್ತಿದೆ, ಓಡದೆ ನಿಂತಿರುವುದು ನಿಮ್ಮ ತಲೆ ಎಂದು ಲಿಖಿತವಾಗಿ ಸಾಬೀತು ಮಾಡಿ ಕಳಿಸುವುದು ನನ್ನ ಉದ್ಯೋಗ. ಅಲ್ಲಿ ನನಗೆ ಎದುರಾಡಿದವರಿಲ್ಲ. ಮನೆಗೆ ಬಂದರೆ ಮಾತ್ರ ಬಾಗಿಲಲ್ಲಿ ಚಪ್ಪಲಿಯ ಜೊತೆ ಮರ್ಯಾದೆಯನ್ನೂ ಬಿಟ್ಟು ಒಳಗೆ ಕಾಲಿಡಬೇಕು.

ಈಗ ನಡೆದದ್ದನ್ನೇ ನೋಡಿ. ಟಿ.ವಿ. ಕೆಳಗಿದ್ದ ನಮ್ಮ ಸಿ.ಡಿ. ಪ್ಲೇಯರು ಒಂದು ಮಧ್ಯಾಹ್ನ ‘ಕರಕರ’ ಎಂದು ಎರಡು ಸಲ ಗೊಣಗಿ ಕಣ್ಣು ಮುಚ್ಚಿತು. ಮನೆಯಲ್ಲಿ ಅದನ್ನು ನೆಚ್ಚಿಕೊಂಡಿದ್ದವಳು ನನ್ನ ಅಮ್ಮ ಒಬ್ಬಳೇ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವರು ಬದುಕಿದ್ದಷ್ಟು ದಿನ ವಿಡಿಯೋ ಕ್ಯಾಮೆರಾ ಹೆಗಲಿಗೇರಿಸಿಕೊಂಡು, ಕಂಡದ್ದನ್ನೆಲ್ಲ ಹಿಡಿದು, ಆಮೇಲೆ ಆ ಟೇಪುಗಳನ್ನೆಲ್ಲ ಮೂವತ್ತೊಂದು ಸಿ.ಡಿ. ಮಾಡಿಸಿ, ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟು ಹೋಗಿದ್ದರು. ನಾನು ಕಚೇರಿಗೆ ಹೋದ ಮೇಲೆ ಅಮ್ಮ ದಿನಕ್ಕೊಂದು ಹಾಕಿಕೊಂಡು ನೋಡುತ್ತಿದ್ದಳಂತೆ. ನಾನು ಒಂದನ್ನೂ ನೋಡಿರಲಿಲ್ಲ. ಪುರುಸೊತ್ತಿರಲಿಲ್ಲ. (ಪುರುಸೊತ್ತಿದ್ದರೂ ಅಷ್ಟು ಮಸುಕು ಚಿತ್ರವನ್ನು ನನ್ನಂಥವನು ನೋಡಲಾರ.)

“ಮುಖ ಫೋಟೋದಲ್ಲಿದೆ ಕಣೋ,” ಎಂದಳು ಅಮ್ಮ, ಸತ್ತ ಪ್ಲೇಯರಿನ ಮೇಲಿನ ಧೂಳು ಒರೆಸುತ್ತ. “ದನಿ ಇರೋದು ಈ ಡಬ್ಬದಲ್ಲಿ ಮಾತ್ರ. ಅವರು ಮಾತಾಡ್ತಿದ್ದ ರೀತಿ ಮರೆತುಹೋದ್ರೆ ಏನು ಮಾಡ್ಲಿ ಅಂತ ಭಯ.”

ಒಂದು ಸಿ.ಡಿ. ತೆಗೆದು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬೆಳ್ಳಿಯ ಬಣ್ಣ ಸುಲಿದು ಸೂಜಿಮೊನೆಯಷ್ಟು ತೂತುಗಳು ಕಂಡವು. ಇನ್ನೊಂದು ತೆಗೆದೆ, ಅದರದೂ ಅದೇ ಗತಿ. ಸಿ.ಡಿ.ಗಳೂ ಮುದಿಯಾಗಿದ್ದವು.

“ಒಂದು ಪ್ಲೇಯರ್ ತಂದ್ಬಿಡಿ ರೀ, ಮುಗೀತು,” ಎಂದಳು ನನ್ನ ಹೆಂಡತಿ.

ಅಲ್ಪರ ಆಲೋಚನೆ ಎಂದರೆ ಇದು. ಬೆರಳೆತ್ತಿ ಅವಳಿಗೆ ವಿವರಿಸಿದೆ: ಸಿ.ಡಿ.ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಬೇಕು. ಆ ಕಂಪ್ಯೂಟರು ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಿದ್ದು, ಯಾವ ಕೋಣೆಯಲ್ಲಿ ಯಾರು ಕೇಳಿದರೂ, ಟಿ.ವಿ.ಗೋ ಫೋನಿಗೋ, ಕೇಳಿದ ವಿಡಿಯೋವನ್ನು ಕಳಿಸಬೇಕು. ಒಳಗೆ ಎರಡು ಹಾರ್ಡ್ ಡಿಸ್ಕ್. ಒಂದು ಸತ್ತರೆ ಇನ್ನೊಂದು ಬದುಕಿರುತ್ತದೆ. ಇದಕ್ಕೆ ಸರ್ವರ್ ಎನ್ನುತ್ತಾರೆ.

“ಕೂಗಿದಾಗೆಲ್ಲ ಎದ್ದು ಬಂದು ಕೇಳಿದ್ದು ಕೊಡೋಕೆ ಈ ಮನೇಲಿ ಈಗಾಗಲೇ ಒಬ್ಬಳಿದ್ದಾಳಲ್ಲ,” ಎಂದಳು.

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. “ಹದಿನೈದೇ ದಿನ ಅಮ್ಮಾ. ಒಂದು ಸಲ ಶುರುವಾದ್ರೆ ನಿಲ್ಲೋ ಮಾತೇ ಇಲ್ಲ!” ಎಂದೆ.

ಸುದ್ದಿ ನನ್ನ ಭಾವಮೈದುನನಿಗೆ ಹೇಗೆ ಮುಟ್ಟಿತೋ (ಹೇಗೆ ಎಂದು ನನಗೆ ಚೆನ್ನಾಗಿ ಗೊತ್ತು, ಅವನ ಅಕ್ಕನನ್ನು ಮದುವೆಯಾದವನು ನಾನು), ಮರುದಿನ ಸಂಜೆಯೇ ಬಂದು ಕೂತ. ಅವನು ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು. ಪೆನ್ಸಿಲ್ ಚೂಪು ಮಾಡುವ ಯಂತ್ರಕ್ಕಿಂತ ದೊಡ್ಡದನ್ನು ಅವನು ಮುಟ್ಟಿರಬಹುದೆಂಬ ಅನುಮಾನ ನನಗೆ ಯಾವತ್ತೂ ಬಂದದ್ದಿಲ್ಲ.

“ಭಾವ, ಅಂಗೈಯಗಲದ ಬೋರ್ಡ್ ಕಂಪ್ಯೂಟರ್ ಸಿಗುತ್ತೆ. ಅದಕ್ಕೊಂದು ಹಾರ್ಡ್ ಡಿಸ್ಕ್ ಸಿಕ್ಕಿಸಿದ್ರೆ ಧಾರಾಳ ಸಾಕು. ಹಳೇ ವಿಡಿಯೋ, ಏನು ಮಹಾ ಭಾರ?”

“ಆರು ಜನ ಆರು ಕಡೆ ಕೂತು ಆರು ವಿಡಿಯೋ ಒಟ್ಟಿಗೆ ಹಾಕಿದ್ರೆ? ಆ ಬೆಂಕಿಪೊಟ್ಟಣ ತಡೆಯುತ್ತಾ?”

“ಮನೇಲಿರೋದೇ ಮೂರು ಜನ ಭಾವ.”

“ನೆಂಟರು ಬಂದ್ರೆ?”

“ನೆಂಟರು ಬಂದು, ಒಬ್ಬೊಬ್ಬರೂ ಒಂದೊಂದು ಕಡೆ ಬಾಗಿಲು ಹಾಕ್ಕೊಂಡು, ಅತ್ತೆಯ ಸಿ.ಡಿ. ನೋಡ್ತಾರಾ?” ಎಂದಳು ಹೆಂಡತಿ ಅಡುಗೆಮನೆಯಿಂದ.

ಮೂರ್ಖರೊಡನೆ ವಾದ ಬೇಡವೆಂದು ನಾನು ಕಂಪ್ಯೂಟರ್ ಅಂಗಡಿಗೆ ಹೊರಟೆ. ಅಲ್ಲಿ ಇನ್ನೊಂದು ಅವತಾರ. ಅಂಗಡಿಯವನು ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿದ. ಒಳಗೆ ಏಳು ಬಣ್ಣದ ದೀಪ ಮಿಣಮಿಣ ಎನ್ನುತ್ತಿತ್ತು.

“ಗೇಮ್ ಆಡೋರೆಲ್ಲ ಇದನ್ನೇ ಒಯ್ತಾರೆ ಸಾರ್.”

“ನಮ್ಮಮ್ಮನಿಗೆ ಎಪ್ಪತ್ತೊಂದು. ಅವಳು ಗೇಮ್ ಆಡಲ್ಲ,” ಎಂದು ಚೀಲದಿಂದ ನನ್ನ ಪರೀಕ್ಷೆಯ ಮೀಟರನ್ನು ತೆಗೆದೆ. “ಸುಮ್ಮನೆ ಕೂತಾಗ ಇದು ಎಷ್ಟು ವ್ಯಾಟ್ ತಿನ್ನುತ್ತೆ?”

“ಸುಮ್ಮನೆ ಕೂರಿಸೋಕೆ ಯಾರೂ ಕಂಪ್ಯೂಟರ್ ತಗೊಳ್ಳಲ್ಲ ಸಾರ್.”

ನೋಡಿ ಅಜ್ಞಾನ! ಸರ್ವರಿನ ಜೀವನವೆಂದರೆ ಮುಕ್ಕಾಲು ಪಾಲು ಸುಮ್ಮನೆ ಕೂರುವುದೇ. ಮೀಟರು ಸಿಕ್ಕಿಸಿ ನೋಡಿದೆ. ತೊಂಬತ್ತೆರಡು ವ್ಯಾಟ್. ಬರೀ ಕೂತು! (ಕೂತು ತಿನ್ನುವವರನ್ನು ಕಚೇರಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ, ಮನೆಗೂ ಒಂದು ಯಾಕೆ?) ಪಕ್ಕದ್ದು ಅರವತ್ತು. ಅದರ ಪಕ್ಕದ್ದು ನಲವತ್ತೊಂದು. ಅಂಗಡಿಯಲ್ಲಿದ್ದ ಒಂದೊಂದನ್ನೂ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ. ಫ್ಯಾನುಗಳಿಗೆ ಕಿವಿ ಕೊಟ್ಟು ಕೇಳಿದೆ. ಪೆಟ್ಟಿಗೆಗಳ ಬೆನ್ನ ಮೇಲೆ ಅಂಗೈ ಇಟ್ಟು ಕಾವು ನೋಡಿದೆ. ಏಳನೇ ಸಲ ನಾನು ರಸ್ತೆ ದಾಟುತ್ತಿರುವುದನ್ನು ದೂರದಿಂದಲೇ ಕಂಡ ಅಂಗಡಿಯವನು ಷಟರ್ ಅರ್ಧ ಎಳೆದುಬಿಟ್ಟ.

ಹೀಗೆ ಹದಿನೈದು ದಿನ ಹೋಗಿ ತಿಂಗಳಾಯಿತು, ಎರಡಾಯಿತು. ಒಂದು ಪ್ರೊಸೆಸರ್ ಗೊತ್ತು ಮಾಡಿಕೊಂಡೆ. ಅಷ್ಟರಲ್ಲಿ ಮುಂದಿನ ತಿಂಗಳು ಅದರ ತಮ್ಮ ಹುಟ್ಟುತ್ತಾನೆಂದು ತಿಳಿಯಿತು. ತಮ್ಮ ಹುಟ್ಟುವಾಗ ಅಣ್ಣನನ್ನು ಕೊಳ್ಳಲು ನನಗೇನು ತಲೆ ಕೆಟ್ಟಿದೆಯೆ? ಕಾದೆ. ತಮ್ಮ ಬಂದ, ಆದರೆ ಅವನಿಗೆ ಹೊಂದುವ ಮದರ್‌ಬೋರ್ಡು ಬರಲಿಲ್ಲ.

ಪ್ರತಿ ಸಂಜೆ ಹಾಲಿನಲ್ಲಿ ನಾನು ಆ ದಿನದ ಸಂಶೋಧನೆಯನ್ನು ಮನೆಯವರಿಗೆ ಮಂಡಿಸುತ್ತಿದ್ದೆ. ಯಾವ ಕಂಪನಿಯ ಡಿಸ್ಕ್ ಗರಗರ ಎನ್ನುತ್ತದೆ, ಯಾವ ಮಹಾನುಭಾವ ಯಾವ ಪೆಟ್ಟಿಗೆ ಕೊಂಡು ಹಾಳಾದ, ಜನರಿಗೆ ವಿಚಾರಿಸಿ ಕೊಳ್ಳುವ ಅಭ್ಯಾಸವೇ ಹೇಗೆ ಇಲ್ಲ, ಎಲ್ಲ. ಹೆಂಡತಿ ಮೊದಲ ವಾಕ್ಯಕ್ಕೇ ಎದ್ದು ಹೋಗುತ್ತಿದ್ದಳು. ಅಮ್ಮ ಮಾತ್ರ ಕೂತು ಕೊನೆಯವರೆಗೂ ಕೇಳುತ್ತಿದ್ದಳು. ಈ ಮನೆಯಲ್ಲಿ ವಿದ್ಯೆಗೆ ಬೆಲೆ ಕೊಡುವ ಜೀವ ಅದೊಂದೇ.

“ರೀ, ಡಬ್ಬ ತೆಗೆದು ನೋಡಿದ್ದೀರಾ?” ಎಂದಳು ಹೆಂಡತಿ ಮೂರನೇ ತಿಂಗಳಲ್ಲಿ. “ಇನ್ನಷ್ಟು ಬಣ್ಣ ಸುಲೀತಾ ಇದೆ. ನೀವು ಆರಿಸೋ ಹೊತ್ತಿಗೆ ಬರೀ ಪ್ಲಾಸ್ಟಿಕ್ ತಟ್ಟೆ ಉಳಿದಿರುತ್ತೆ. ಅತ್ತೆಗೆ ಮಾವನ ದನಿ ಬೇಕಾಗಿರೋದು ರೀ, ನಿಮ್ಮ ವ್ಯಾಟ್ ಅಲ್ಲ.”

“ಅವಸರದಲ್ಲಿ ತಂದು ಅದು ನಡುವೆ ನಿಂತುಹೋದ್ರೆ?”

“ಶುರುವಾದ್ರೆ ತಾನೇ ನಿಲ್ಲೋದು!”

ಹೆಂಗಸರ ನಾಲಿಗೆಗೆ ಮೀಟರು ಕೂರಿಸುವ ವ್ಯವಸ್ಥೆ ನಮ್ಮ ಇಲಾಖೆಯಲ್ಲಿಲ್ಲ.

ನಾಲ್ಕನೇ ತಿಂಗಳ ಕೊನೆಗೆ ಯಂತ್ರ ಸಿದ್ಧವಾಯಿತು. ಊಟದ ಮೇಜನ್ನು ಮೂರು ದಿನ ವಶಪಡಿಸಿಕೊಂಡು ನಾನೇ ಕೈಯಾರೆ ಜೋಡಿಸಿದೆ. (ಆ ಮೂರು ದಿನ ಊಟ ನೆಲದ ಮೇಲೆ ನಡೆಯಿತು. ಅದನ್ನೂ ಆಡಿಕೊಂಡರು.) ಸುಮ್ಮನೆ ಕೂತಾಗ ಕೇವಲ ಹದಿಮೂರು ವ್ಯಾಟ್. ಕಿವಿ ಇಟ್ಟರೂ ಸದ್ದಿಲ್ಲ. ಪೆಟ್ಟಿಗೆಯಂತೂ ಕಪ್ಪು ಕಲ್ಲಿನ ಹಾಗೆ ನುಣುಪು. ಧೂಳು ನುಗ್ಗಲು ಮುಂಭಾಗದಲ್ಲಿ ಒಂದು ಸಂದೂ ಇಲ್ಲದ್ದನ್ನೇ ಹುಡುಕಿ ತರಿಸಿದ್ದೆ. ಭಾನುವಾರ ಬೆಳಿಗ್ಗೆ ಭಾವಮೈದುನನನ್ನು ಕರೆಸಿದೆ. ಕಲಿಯಲಿ, ಪಾಪ.

ಅಮ್ಮ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ಡಬ್ಬ ಹಿಡಿದು ಬಂದಳು. ಮೊದಲ ಸಿ.ಡಿ. ತೆಗೆದು, ಯಂತ್ರದ ಮುಂದೆ ನೋಡಿದಳು, ಬದಿಗೆ ನೋಡಿದಳು, ಬಗ್ಗಿ ಹಿಂದೆ ನೋಡಿದಳು.

“ಇದನ್ನ ಎಲ್ಲಿ ತೂರಿಸೋದಪ್ಪಾ?”

ನಾನೂ ಮುಂದೆ ನೋಡಿದೆ. ಬದಿಗೆ ನೋಡಿದೆ. ಹಿಂದೆ ನೋಡುವ ಧೈರ್ಯ ಬರಲಿಲ್ಲ. ನಾಲ್ಕು ತಿಂಗಳು, ಇನ್ನೂರು ಪುಟದ ಪುಸ್ತಕ, ಪ್ರೊಸೆಸರ್, ಫ್ಯಾನು, ಡಿಸ್ಕ್ ಎಲ್ಲ ಇತ್ತು. ಸಿ.ಡಿ. ಓದುವ ಡ್ರೈವ್ ಒಂದನ್ನು ಹಾಕಿಸಬೇಕೆಂಬುದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಹೆಂಡತಿ ತಮ್ಮನ ಕಡೆ ತಿರುಗಿದಳು. ಭಾವಮೈದುನ ತನ್ನ ಹೆಗಲ ಚೀಲದಿಂದ ತಟ್ಟೆಯಂಥ ಡ್ರೈವ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟ.

“ಸ್ಕೂಲಲ್ಲಿ ಹಳೇ ಚಿತ್ರಗಳ ಸಿ.ಡಿ. ನೋಡೋಕೆ ಇಟ್ಕೊಂಡಿದ್ದೆ. ಈ ಪೆಟ್ಟಿಗೆ ಫೋಟೋ ನೀವು ಕಳಿಸಿದ್ರಲ್ಲ ಭಾವ, ಬಾಯಿಲ್ಲದ್ದು ನೋಡಿ ಎತ್ಕೊಂಡು ಬಂದೆ.”

ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದಾಗಿ ಇಳಿಸಿದೆವು. ಇಪ್ಪತ್ತಾರು ಸಿ.ಡಿ. ಬದುಕಿದವು. ಐದನ್ನು ಎಷ್ಟು ಒರೆಸಿ ಹಾಕಿದರೂ ಡ್ರೈವ್ ಓದಲಿಲ್ಲ. ಆ ಐದನ್ನು ಕೈಯಲ್ಲಿ ಹಿಡಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಲ್ಕು ತಿಂಗಳ ಹಿಂದೆ ಅವು ಓಡುತ್ತಿದ್ದವು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಮ್ಮ ಅವನ್ನು ನನ್ನ ಕೈಯಿಂದ ತೆಗೆದುಕೊಂಡು, “ಹೋಗ್ಲಿ ಬಿಡಪ್ಪಾ, ಇಷ್ಟು ಉಳೀತಲ್ಲ,” ಎಂದು ಡಬ್ಬಕ್ಕೆ ಹಾಕಿದಳು.

ಮರ್ಯಾದೆ ಉಳಿಸಿಕೊಳ್ಳಲು ಚಟಕ್ಕನೆ ಒಂದು ವಿಡಿಯೋ ಹಾಕಿದೆ. ಟಿ.ವಿ.ಯಲ್ಲಿ ಶಾಲೆಯ ಆಟದ ಬಯಲು. ಅಪ್ಪನ ದನಿ ಕೋಣೆ ತುಂಬಿತು. ಅಮ್ಮ ಕಣ್ಣು ಮುಚ್ಚಿಕೊಂಡಳು.

“ಒಂದು ನಿಮಿಷ ಇರು. ಸ್ಟ್ಯಾಂಡು ಮಟ್ಟವಾಗಿಲ್ಲ. ಅಲ್ಲಿ ನೋಡು, ಆ ಮನುಷ್ಯ ತಂದಿದ್ದಾನಲ್ಲ, ಅದೂ ಒಂದು ಕ್ಯಾಮೆರಾನಾ? ಜನಕ್ಕೆ ವಿಚಾರಿಸಿ ಕೊಳ್ಳೋ ಅಭ್ಯಾಸವೇ ಇಲ್ಲ ಕಣೇ. ನಾನು ಇದನ್ನ ಆರಿಸೋಕೆ ಎಂಟು ತಿಂಗಳು ತಗೊಂಡೆ…”

ಎಲ್ಲೋ ಸೀಟಿ ಊದಿದ ಸದ್ದು. ಮಕ್ಕಳ ಕೂಗು. ಪರದೆಯಲ್ಲಿ ಮಾತ್ರ ಹುಲ್ಲು, ಆಮೇಲೆ ಅಪ್ಪನ ಬೂಟು, ಮತ್ತೆ ಹುಲ್ಲು. ಕ್ಯಾಮೆರಾ ಮೇಲೆದ್ದಾಗ ಮಂಡಿಗೆ ಮಣ್ಣು ಮೆತ್ತಿಕೊಂಡು ನಾನು ನಿಂತಿದ್ದೆ. ಎಂಟು ವರ್ಷದ ನಾನು.

“ಅಪ್ಪಾ, ಓಡಿ ಆಯ್ತು. ನಾನೇ ಫಸ್ಟು!”

“ಈಗ ಮಟ್ಟ ಸರಿಯಾಯ್ತು. ಎಲ್ಲರಿಗೂ ಇನ್ನೊಂದ್ಸಲ ಓಡೋಕೆ ಹೇಳು.”

ನನ್ನ ಮೈಯೆಲ್ಲ ಉರಿಯಿತು. ಜನ್ಮದಲ್ಲಿ ನಾನು ಗೆದ್ದದ್ದು ಅದೊಂದೇ ಓಟ!

“ಅಲ್ಲಾ,” ಎಂದು ಎದ್ದು ನಿಂತೆ, “ಇದಕ್ಕೇನಾದ್ರೂ ಅರ್ಥ ಇದೆಯಾ? ನಾಲ್ಕು ಮಕ್ಕಳು ಓಡೋದನ್ನ ಹಿಡಿಯೋಕೆ ಇಷ್ಟೆಲ್ಲ ಸರಂಜಾಮು ಬೇಕಾ? ಕೈಲಿದ್ದದ್ದರಲ್ಲಿ ಹಿಡಿದಿದ್ರೆ ಆಗ್ತಿರಲಿಲ್ವಾ? ಈ ಅಪ್ಪ ಮಟ್ಟ ನೋಡ್ತಾ ಕೂತಿದ್ರೆ ಓಟ ಕಾಯುತ್ತಾ?”

ಭಾವಮೈದುನ ಟಿ.ವಿ. ನೋಡಿದ, ನನ್ನನ್ನು ನೋಡಿದ, ಮತ್ತೆ ಟಿ.ವಿ. ನೋಡಿದ. ಅಲ್ಲಿ ಲೆನ್ಸಿನ ಮುಂದೆ ಅಪ್ಪನ ತೋರುಬೆರಳು ಎದ್ದಿತ್ತು. ಇಲ್ಲಿ ನನ್ನದೂ ಎದ್ದಿತ್ತು.

“ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಂತೆ,” ಎಂದು ಹೆಂಡತಿ ಗೋಡೆಯ ಕಡೆ ತಿರುಗಿ ನಗತೊಡಗಿದಳು.

ಬೆರಳನ್ನು ಮೆಲ್ಲಗೆ ಕೆಳಗಿಳಿಸಿ, ಮಾತು ಬದಲಿಸಲು ಅಮ್ಮನನ್ನೇ ಕೇಳಿದೆ: “ಅಮ್ಮಾ, ಅವರು ಏನಾದ್ರೂ ಅಂದ್ಕೊಳ್ಳಲಿ. ನಡುವೆ ನಿಲ್ಲದೆ ಓಡ್ತಿದೆ ತಾನೆ?”

ಅಮ್ಮ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

“ಓಡ್ತಿದೆ ಕಣಪ್ಪಾ. ಆದ್ರೆ ಪ್ಲೇಯರ್ ಕೆಟ್ಟಾಗಿನಿಂದ್ಲೂ ಅದು ನಿಂತಿದ್ದೆಲ್ಲಿ? ನಾಲ್ಕು ತಿಂಗಳು ದಿನಾ ಸಾಯಂಕಾಲ ಈ ಹಾಲಲ್ಲೇ ನಿಮ್ಮಪ್ಪ ಮಾತಾಡೋದನ್ನ ಕೂತು ಕೇಳಿದ್ದೀನಿ. ಅದಕ್ಕೇ ನಾನು ನಿಂಗೆ ಅವಸರ ಮಾಡ್ಲಿಲ್ಲ.”