ಟೆಂಟು, ಹುಟ್ಟು ಮತ್ತು ನಮ್ಮ ಭಾವ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವಳು ಅವರನ್ನು ಕಟ್ಟಿಕೊಂಡ ನನ್ನ ಅಕ್ಕ. ನಾನು ಐರೋಲಿಯ ನನ್ನ ಮನೆಯಲ್ಲಿ ಕುಳಿತು ಫೋನಿನಲ್ಲಿ ಹೂಂಗುಟ್ಟುತ್ತೇನೆ, ಅಷ್ಟೆ.

ಭಾವ ವಿಜಯಪುರದವರು, ನಾವು ಉಡುಪಿ ಕಡೆಯವರು. ಠಾಣೆಯ ಒಂದೇ ಆಫೀಸಿನಲ್ಲಿದ್ದ ಅಕ್ಕನೂ ಅವರೂ ಪರಸ್ಪರ ಒಪ್ಪಿ ಮದುವೆಯಾಗಿ ಡೊಂಬಿವಲಿಯಲ್ಲಿ ಮನೆ ಮಾಡಿ ಎಷ್ಟೋ ವರ್ಷಗಳಾದವು. ಅಷ್ಟರಲ್ಲಿ ಭಾವ ಮಂಚದ ಕೆಳಗೆ ಅಣಬೆ ಬೆಳೆದಿದ್ದಾರೆ. ಮೊಬೈಲ್ ನೋಡಿ ಕೊಳಲು ಕಲಿಯಲು ಹೊರಟು, ಪಕ್ಕದ ಮನೆಯವರು ಫ್ಲ್ಯಾಟ್ ಮಾರುವ ವಿಚಾರಕ್ಕೆ ಬರುವಂತೆ ಮಾಡಿದ್ದಾರೆ. ಇಂಥವರು ಈ ಸಲ ನದಿಗೆ ಕೈ ಹಾಕಿದರು.

ಮಳೆಗಾಲ ಮುಗಿದಿತ್ತು. ಅಕ್ಕನ ಮನೆಯಲ್ಲಿ ಭಾನುವಾರದ ಊಟಕ್ಕೆ ಕುಳಿತಿದ್ದೆವು. ಭಾವ ಸಾರು ಸುರಿದುಕೊಂಡು, "ಎಲ್ಲಾರೂ ಕರ್ಜತ್ ಕಡೆ ಹೊಳಿ ದಂಡಿಗೆ ಹೋಗೂಣು. ಟೆಂಟಿನ್ಯಾಗ ಮಲಗೂದು, ದೋಣಿ ಹೊಡಿಯೂದು. ಅತ್ತಿ, ನೀವೂ ಬರಬೇಕು" ಎಂದರು.

ಅತ್ತಿ ಅಂದರೆ ನನ್ನ ಅಮ್ಮ. ಅಕ್ಕನ ಜೊತೆಗೇ ಇದ್ದಾಳೆ. ಮಳೆಗಾಲದಲ್ಲಿ ರಿಕ್ಷಾದಿಂದ ಇಳಿಯುವಾಗ ಜಾರಿಬಿದ್ದು ಅವಳ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಅಂದಿನಿಂದ ಅವಳು ಮನೆಯ ಹೊಸ್ತಿಲು ದಾಟಿರಲಿಲ್ಲ. ಸೊಸೈಟಿಯ ಗಣಪತಿಗೂ ಬಾಲ್ಕನಿಯಿಂದಲೇ ಕೈ ಮುಗಿದಿದ್ದಳು. ಡಾಕ್ಟರು ಹೇಳಿದರು, ಅಕ್ಕ ಅತ್ತಳು, ನಾನು ಬೈದೆ. ಏನೂ ಆಗಲಿಲ್ಲ. ಲಿಫ್ಟಿನ ಬಾಗಿಲು ನೋಡಿದರೇ ಹಿಂದೆ ಸರಿಯುವ ಹೆಂಗಸನ್ನು ದೋಣಿಗೆ ಕರೆಯುವ ಅಳಿಯನಿಗೆ ಏನೆನ್ನಬೇಕು? ಅಮ್ಮ ಮಜ್ಜಿಗೆ ಬಡಿಸಿ ಒಳಗೆ ಹೋದಳು.

ಮರುವಾರ ಟೆಂಟು ಬಂತು. ತಾಲೀಮು ಆಗಬೇಕಲ್ಲ? ಭಾವ ಅದನ್ನು ಹಾಲಿನಲ್ಲೇ ಬಿಡಿಸಿದರು. ಬಿಚ್ಚಿಕೊಂಡ ಟೆಂಟು ಮತ್ತೆ ಮಡಚಿಕೊಳ್ಳಲಿಲ್ಲ. ಭಾವ ಎಳೆದರು, ಅಕ್ಕ ಮೇಲೆ ಕುಳಿತಳು, ವಾಚ್‌ಮನ್ ಬಂದು ಮೂರನೆಯ ಅಭಿಪ್ರಾಯ ಕೊಟ್ಟು ಹೋದ. ಕೊನೆಗೆ ಸೋಫಾವನ್ನು ಬಾಲ್ಕನಿಗೆ ತಳ್ಳಿ ಟೆಂಟನ್ನು ಇದ್ದಲ್ಲೇ ಬಿಟ್ಟರು. ಟಿ.ವಿ. ಅದರ ಹಿಂದೆ ಸಿಕ್ಕಿಹಾಕಿಕೊಂಡಿತ್ತು. ಧಾರಾವಾಹಿ ಬಿಡುವುದುಂಟೇ? ಅಮ್ಮ ಟೆಂಟಿನ ಮುಂಬಾಗಿಲಿನಿಂದ ನುಗ್ಗಿ, ಹಿಂದಿನ ಕಿಟಕಿಯ ಜಾಲರಿಯಿಂದ ಟಿ.ವಿ. ನೋಡತೊಡಗಿದಳು. ನಾಲ್ಕು ದಿನ ಬಿಟ್ಟು ನಾನು ಹೋದಾಗ ಅವಳು ಒಳಗೆ ಚಾಪೆ ಹಾಸಿ, ಕಾಲು ಚಾಚಿ ಬಟಾಣಿ ಸುಲಿಯುತ್ತಿದ್ದಳು. ಸೊಳ್ಳೆ ಕಾಟವಿಲ್ಲ ಎಂದು ಸಮಾಧಾನ ಬೇರೆ!

ಆಮೇಲೆ ದೋಣಿಯ ಹುಟ್ಟು. ಕ್ಯಾಂಪಿನವರೇ ಹುಟ್ಟು ಕೊಡುತ್ತಾರೆ ಎಂದು ಅಕ್ಕ ಹೇಳಿ ಸೋತಳು. ಸ್ವಂತದ್ದೇ ಬೇಕೆಂದು ಭಾವ ಠಾಣೆಯಲ್ಲಿ ಉದ್ದನೆಯದೊಂದನ್ನು ಕೊಂಡು, ಸಂಜೆಯ ಕಲ್ಯಾಣ ಲೋಕಲ್ ರೈಲು ಹತ್ತಿದರು. ಆ ಗಾಡಿಯಲ್ಲಿ ಕೊಡೆ ತಂದವನನ್ನೇ ಜನ ಸುಮ್ಮನೆ ಬಿಡುವುದಿಲ್ಲ. ಒಬ್ಬ, "ಕಾಕಾ, ಆಜ್ ಗಾಡೀ ವಲ್ಹವತ್ ನೇಣಾರ್ ಕಾ?" ಎಂದನಂತೆ, ಇವತ್ತು ಗಾಡಿಗೆ ಹುಟ್ಟು ಹಾಕಿಕೊಂಡೇ ಹೋಗುತ್ತೀರಾ ಎಂದು. ಬೋಗಿಯೆಲ್ಲ ನಕ್ಕಿತಂತೆ. ಆದರೆ ಹುಟ್ಟಿನ ತುದಿ ಕಣ್ಣಿಗೆ ಚುಚ್ಚೀತೆಂದು ಸುತ್ತಲಿನವರು ಸರಿದು ಜಾಗ ಕೊಟ್ಟರಂತೆ. ಇಷ್ಟು ವರ್ಷದಲ್ಲಿ ಮೊದಲ ಸಲ ಡೊಂಬಿವಲಿಯವರೆಗೆ ಆರಾಮವಾಗಿ ಉಸಿರಾಡಿದೆ ಎಂದು ಭಾವ ಹೇಳಿಕೊಂಡರು. ಮರುದಿನವೂ ಅದನ್ನು ಹಿಡಿದು ಹೊರಟವರನ್ನು ಅಕ್ಕ ಬಾಗಿಲಲ್ಲೇ ತಡೆದಳು.

ಇನ್ನು ದಿನಾ ಬೆಳಿಗ್ಗೆ ಟೆಂಟಿನ ಮುಂದೆ ಮಣೆ ಹಾಕಿಕೊಂಡು ಹುಟ್ಟು ಹಾಕುವುದು. ಫ್ಯಾನಿಗೆ ಒಂದೇಟು, ಷೋಕೇಸಿಗೆ ಒಂದೇಟು. ನೋಡಿ ನೋಡಿ ಅಮ್ಮನಿಗೆ ತಡೆಯಲಾಗಲಿಲ್ಲ. ಹುಡುಗಿಯಾಗಿದ್ದಾಗ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಹೋದವಳು ಅವಳು.

"ನೀವು ಹೀಗೆ ಹುಟ್ಟು ಹಾಕಿದ್ರೆ ದೋಣಿ ಹಿಂದೆ ಹೋಗ್ತದೆ ಮಾರಾಯ್ರೆ" ಎಂದಳು.

"ಅದಕ್ಕ ನೀವು ಬರಬೇಕು ಅಂದೆ ಅತ್ತಿ. ಇಲ್ಲಾಂದ್ರ ನಾವು ಹಿಂದಕ್ಕ ಹೋಕ್ಕೋತ ಕರ್ಜತ್‌ನಿಂದ ಕಲ್ಯಾಣಕ್ಕ ಬರ್ತೀವಿ" ಎಂದರು ಭಾವ.

ಅಮ್ಮ ನಕ್ಕಳು. ಆದರೂ ಬರುತ್ತೇನೆ ಎನ್ನಲಿಲ್ಲ.

ಕೊನೆಯ ತಾಲೀಮು ಅಡುಗೆಯದು, ಆ ದಿನ ನಾನೂ ಅಲ್ಲಿದ್ದೆ. ಟೆರೇಸಿನಲ್ಲಿ ಸಣ್ಣ ಸ್ಟವ್ ಹಚ್ಚಿ ಉಪ್ಪಿಟ್ಟು ಮಾಡುವುದೆಂದು ಭಾವ ಯಾರಿಗೂ ಹೇಳದೆ ಒಂದು ಪಾತ್ರೆ ಎತ್ತಿಕೊಂಡು ಹೋದರು. ಅದು ಅಮ್ಮ ಊರಿನಿಂದ ತಂದ ಹಿತ್ತಾಳೆಯ ಉರುಳಿ. ಯಾರೂ ಮುಟ್ಟುವಂತಿಲ್ಲ! ಸ್ವಲ್ಪ ಹೊತ್ತಿಗೆ ಸೀದ ವಾಸನೆ ಮೆಟ್ಟಿಲಿಳಿದು ಬಂತು. ಅಮ್ಮ ಅಡುಗೆಮನೆಯಲ್ಲಿ ಕಣ್ಣಾಡಿಸಿದಳು, ಉರುಳಿ ಇಲ್ಲ. ಚಪ್ಪಲಿಯನ್ನೂ ಮೆಟ್ಟದೆ, ಕಟಕಟೆ ಹಿಡಿದು ಮೆಟ್ಟಿಲೇರಿ ಟೆರೇಸಿಗೆ ಬಂದು ನಿಂತಳು. ಭಾವನಿಗೂ ಸ್ಟವ್‌ಗೂ ಉಪ್ಪಿಟ್ಟಿಗೂ ಸರಿಯಾಗಿ ಬೈದಳು. ಹಿಂದೆಯೇ ಓಡಿಬಂದ ಅಕ್ಕನೂ ನಾನೂ ಟೆರೇಸಿನ ಬಾಗಿಲಲ್ಲೇ ನಿಂತೆವು. ಎಷ್ಟೋ ತಿಂಗಳ ಮೇಲೆ ಅಮ್ಮ ಬಯಲಲ್ಲಿ ನಿಂತಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ.

ಭಾವ ತಟ್ಟೆ ಮುಂದೆ ಹಿಡಿದು, "ಉಪ್ಪು ಸರಿ ಅದ ಏನು ನೋಡ್ರಿ" ಎಂದರು, ಅಷ್ಟೆ.

ಅಮ್ಮ ಅಲ್ಲೇ ಕಟ್ಟೆಯ ಮೇಲೆ ಕುಳಿತು ಸೀದ ಉಪ್ಪಿಟ್ಟು ತಿಂದಳು. ಈ ಮನುಷ್ಯನ ಕೈಗೆ ಅಡುಗೆ ಕೊಟ್ಟರೆ ನೀವೆಲ್ಲ ನದಿ ದಂಡೆಯಲ್ಲಿ ಉಪವಾಸ ಬೀಳುತ್ತೀರಿ, ನಾನೂ ಬರುತ್ತೇನೆ ಎಂದಳು.

ಶನಿವಾರ ಟೆಂಟನ್ನು ಹೇಗೋ ತುಳಿದು ಮಡಚಿ, ಹಗ್ಗ ಬಿಗಿದು ಹೊರಟೆವು. ಕರ್ಜತ್ ಲೋಕಲ್‌ನಲ್ಲಿ ಅಮ್ಮ ದಾರಿಯುದ್ದಕ್ಕೂ ಅಕ್ಕನ ಕೈ ಬಿಡಲಿಲ್ಲ. ಕ್ಯಾಂಪಿನಲ್ಲಿ, ಮನೆಯಲ್ಲಿ ಮಡಚಿಕೊಳ್ಳದ ಟೆಂಟು ಈಗ ಬಿಚ್ಚಿಕೊಳ್ಳಲು ಒಲ್ಲೆನೆಂದಿತು. ಅದನ್ನು ಕ್ಯಾಂಪಿನವರ ಪಾಲಿಗೆ ಬಿಟ್ಟು ನೀರಿನತ್ತ ನಡೆದೆವು.

ನದಿ ಅಲ್ಲಿ ಆಳವಿಲ್ಲ, ಶಾಂತವಾಗಿತ್ತು. ಇಬ್ಬರು ಕೂರುವ ಪ್ಲಾಸ್ಟಿಕ್ ದೋಣಿ ದಂಡೆಯಲ್ಲಿತ್ತು. ಅಮ್ಮ ಲೈಫ್ ಜಾಕೆಟ್ ತೊಟ್ಟು, ನೀರನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಮತ್ತೆ ಸೆರಗು ಸಿಕ್ಕಿಸಿ, ಕ್ಯಾಂಪಿನವನ ಭುಜ ಹಿಡಿದು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟಳು. ಹಿಂದಿನ ಸೀಟು ಭಾವನದು. ಅವರು ಅಲುಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. ತಾವು ದಂಡೆಯಲ್ಲೇ ಕುಳಿತು ಫೋಟೋ ತೆಗೆಯುವುದಾಗಿ ಹೇಳಿದರು.

ಅಕ್ಕ ನನ್ನ ಕಿವಿಯ ಬಳಿ, "ಇವರಿಗೆ ನೀರಂದ್ರೆ ಮೊದಲಿಂದ ಜೀವಭಯ. ಸಮುದ್ರಕ್ಕೆ ಹೋದ್ರೂ ಬೂಟು ಬಿಚ್ಚಿದವರಲ್ಲ" ಎಂದಳು. ಹಾಗಾದರೆ ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಅಕ್ಕ ದೋಣಿಯಲ್ಲಿ ಕುಳಿತ ಅಮ್ಮನನ್ನು ತೋರಿಸಿದಳು.

ಅಮ್ಮ ಅಳಿಯನನ್ನು ನೋಡುತ್ತಿದ್ದಳು. ಆ ಮುಖದಲ್ಲಿ ಇರುವುದೇನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಚಾಚಿದಳು. ಭಾವ ಅದನ್ನು ಗಟ್ಟಿಯಾಗಿ ಹಿಡಿದು ದೋಣಿಗೆ ಕಾಲಿಟ್ಟರು, ಕುಳಿತರು, ಕಣ್ಣು ಮುಚ್ಚಿದರು. ದೋಣಿ ಮೆಲ್ಲಗೆ ತೇಲಿತು.

"ಅತ್ತಿ, ಹೊಳಿ ಮುಗೀತೇನು?"

"ಇನ್ನೂ ದಂಡೆ ಬಿಡ್ಲಿಲ್ಲ" ಎಂದಳು ಅಮ್ಮ. ಮತ್ತೆ ಹಿಂದಕ್ಕೆ ತಿರುಗಿ, "ಕಣ್ಣು ಬಿಡು ಮಗಾ, ನಾನಿದ್ದೇನಲ್ಲ" ಎಂದಳು.

ಇಷ್ಟು ವರ್ಷ ನೀವು, ತಾವು ಎಂದೇ ಮಾತಾಡಿಸಿದ ಅಳಿಯನನ್ನು ಅಮ್ಮ ಹಾಗೆ ಕರೆದದ್ದು ಅದೇ ಮೊದಲು. ಭಾವ ಒಂದೇ ಒಂದು ಕಣ್ಣು ಬಿಟ್ಟರು.